ಕತ್ತಿ ಹಿಡಿದವನಿಗೆ ಶಾಲೆಯಿಲ್ಲ, ಕುರಿ ಸಾಕಿದವನಿಗೆ ಬೆಲೆಯಿಲ್ಲ



ನಾಯಕನಹಟ್ಟಿ ಕಡೆಯ ವರವು ಕಾವಲಿನ ಪಕ್ಕ ಒಮ್ಮೆ ಹೋಗಿ ನಿಂತು ನೋಡಿ. ಒಂದು ಕಾಲಕ್ಕೆ ಕಣ್ಣು ಹಾಯುವ ತನಕ ಬರೀ ಹುಲ್ಲು. ಮೈಸೂರಿನ ಅರಸರು, ಹೈದರ್, ಟಿಪ್ಪು ಎಲ್ಲರೂ ಅಮೃತಮಹಲ್ ದನಕ್ಕೆಂದು ಕಾಯ್ದುಕೊಂಡು ಬಂದ ಕಾವಲುಗಳ ಸಾಲಿನಲ್ಲಿ ಇದೂ ಒಂದು. ಅರಸರ ದನ ಕಮ್ಮಿಯಾದ ಮೇಲೆ ಸುತ್ತಲ ಹಟ್ಟಿಗಳ ಕುರಿ, ಮೇಕೆ, ದನ ಅಲ್ಲೇ ಮೇದು ಬದುಕಿದವು. 2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಿಂದ ಹತ್ತು ಸಾವಿರ ಎಕರೆಯಷ್ಟು ಜಮೀನನ್ನು ಸರ್ಕಾರ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹಂಚಿತು. ವರವು ಕಾವಲಿನಲ್ಲಿ 4,000 ಎಕರೆಗೂ ಮಿಕ್ಕಿ ಡಿ.ಆರ್.ಡಿ.ಓ.ಗೆ ಹೋಯಿತು. ಕುದಾಪುರದಲ್ಲಿ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಯಿತು. ಈಗ ಅಲ್ಲಿ ಗೋಡೆ ಎದ್ದಿದೆ. ಗೋಡೆಯ ಆಚೆ ಹುಲ್ಲು, ಈಚೆ ನಮ್ಮ ಕುರಿ.

ಆ ಗೋಡೆಯ ಒಳಗೆ ಏನು ನಡೆಯುತ್ತದೆ? ಕಲಿಕೆ ನಡೆಯುತ್ತದೆ ಸ್ವಾಮಿ! 2017ರ ಮೇ 28ರಂದು ಡಿ.ಆರ್.ಡಿ.ಓ.ದವರ ವಿಮಾನ ಪರೀಕ್ಷಾ ವಲಯದ ಉದ್ಘಾಟನೆ ಆಯಿತು. ಪೈಲಟ್ ಇಲ್ಲದ ವಿಮಾನ ಹಾರಿಸಿ ನೋಡುತ್ತಾರೆ. 2019ರ ಸೆಪ್ಟೆಂಬರಿನಲ್ಲಿ ಅಂಥದೊಂದು ಚಿತ್ರದುರ್ಗದ ಹತ್ತಿರ ಜೋಡಿಚಿಕ್ಕೇನಹಳ್ಳಿಯಲ್ಲಿ ಬಿತ್ತು. 2023ರ ಆಗಸ್ಟಿನಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಹೊಲದಲ್ಲಿ ಬಿತ್ತು. ನಾನೇನೂ ಹಂಗಿಸುತ್ತಿಲ್ಲ. ಕಲಿಯುವವನು ಬೀಳಲೇಬೇಕು, ಬಿದ್ದು ಏಳುವುದಕ್ಕೆ ಅವನಿಗೆ ಜಾಗ ಬೇಕು, ದುಡ್ಡು ಬೇಕು. ವಿಜ್ಞಾನ ಸಂಸ್ಥೆಯವರು ಕುದಾಪುರದಲ್ಲಿ ಶಾಲಾ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರೆ. ಅದೂ ಒಳ್ಳೆಯದೇ. ನಾನು ಕೇಳುವುದು ಇಷ್ಟೇ: ಈ ಕಾವಲಿನ ಹುಲ್ಲು ತಿಂದು ಬೆಳೆದ ಕುರಿಯ ಕುತ್ತಿಗೆಗೆ ಕತ್ತಿ ಇಡುವವನಿಗೆ ಕಲಿಯಲಿಕ್ಕೆ ಒಂದು ಕೊಠಡಿ, ಒಂದು ಕೊಕ್ಕೆ, ಒಂದು ತಕ್ಕಡಿ, ಕಲಿತ ಮೇಲೆ ಕೈಗೆ ಒಂದು ಕಾಗದ, ಇವು ಎಲ್ಲಿವೆ?

"ಇದೇನಪ್ಪ, ಬೆಲೆ ಸಾಲ ಅಂತ ಬರೆಯುವ ಪತ್ರಿಕೆಯಲ್ಲಿ ಕಟುಕರ ಕಥೆ" ಅಂತ ನಿಮ್ಮಲ್ಲಿ ಅರ್ಧ ಜನ ಪುಟ ತಿರುವುತ್ತಿದ್ದೀರಿ. ತಿರುವಬೇಡಿ. ಇದು ನಿಮ್ಮ ಬೆಲೆಯದೇ ಮಾತು, ನಿಮ್ಮ ಸಾಲದ್ದೇ ಮಾತು.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ರೈತನನ್ನು ಉಳಿಸುವುದು ಯಾವುದು? ಶೇಂಗಾ ಅಲ್ಲ. ಬಿತ್ತಿದ ಬೀಜವೂ ವಾಪಸ್ಸು ಬರುವುದಿಲ್ಲ. ಉಳಿಸುವುದು ಹಟ್ಟಿಯ ಕುರಿ. ಮಗಳ ಮದುವೆಗೆ ಹತ್ತು ಕುರಿ, ಮಗನ ಕಾಲೇಜು ಫೀಸಿಗೆ ನಾಲ್ಕು ಕುರಿ, ಸೊಸೈಟಿಯ ಸಾಲಕ್ಕೆ ನೋಟಿಸು ಬಂದರೆ ಇದ್ದಬದ್ದ ಟಗರೆಲ್ಲ. ಕುರಿ ಅಂದರೆ ನಮ್ಮ ಬ್ಯಾಂಕು. 2019ರ ಜಾನುವಾರು ಗಣತಿ ನೋಡಿ. ಕರ್ನಾಟಕದಲ್ಲಿ 1 ಕೋಟಿ 10 ಲಕ್ಷ ಕುರಿ, ದೇಶಕ್ಕೆ ತೆಲಂಗಾಣ, ಆಂಧ್ರ ಬಿಟ್ಟರೆ ನಾವೇ. ಇಷ್ಟು ದೊಡ್ಡ ಬ್ಯಾಂಕಿನಲ್ಲಿ ಹಣ ತೆಗೆಯುವ ಕೌಂಟರ್ ಯಾವುದು? ಮಟನ್ ಅಂಗಡಿಯ ಹುಣಸೆ ಕೊರಡು. ಅಲ್ಲಿ ಏನು ನಡೆಯುತ್ತದೆ ಅಂತ ಬ್ಯಾಂಕಿನ ಮಾಲೀಕರಾದ ನಾವು ಒಂದು ದಿನವೂ ಹೋಗಿ ನೋಡಿಲ್ಲ.

ನಾನೂ ನೋಡಿರಲಿಲ್ಲ. ಕೆಲವು ವರ್ಷಗಳ ಹಿಂದೆ ಸಂತೆಗೆ ಆರು ಟಗರು ಹೊಡೆದುಕೊಂಡು ಹೋಗಿದ್ದೆ. ದಲ್ಲಾಳಿ ಬಂದ, ಟವಲು ಮುಚ್ಚಿದ, ಬೆರಳು ಹಿಡಿದ. ನನಗೆ ಬೇಕಾದ ಬೆರಳು ಅವನು ಕೊಡಲಿಲ್ಲ, ಅವನ ಬೆರಳು ನನಗೆ ಸಾಲಲಿಲ್ಲ. ಹೊತ್ತು ಏರಿತು, ಕುರಿ ಬಾಯಿ ಬಿಟ್ಟವು, ಕೊನೆಗೆ ಅವನು ಹೇಳಿದ್ದಕ್ಕೇ ಕೊಟ್ಟೆ. ಪಕ್ಕದಲ್ಲಿ ಮಾಂಸದ ಅಂಗಡಿಯ ಒಬ್ಬ ಹಿರಿಯ ಸಾಹೇಬರು ನಿಂತಿದ್ದರು. ಹಲ್ಲು ಉದುರಿದ ಬಾಯಲ್ಲಿ ನಕ್ಕು, "ಗೌಡ್ರೆ, ನಿಮ್ಮ ಈ ಕಂದು ಟಗರು ಹದಿನಾರು ಕೆ.ಜಿ. ಬಾಡು ಬೀಳ್ತೈತೆ. ನೀವು ಹದಿಮೂರಕ್ಕೆ ಕೊಟ್ರಿ" ಅಂದರು. ನಾನು ನಂಬಲಿಲ್ಲ. ಅದೇ ಟಗರನ್ನು ದಲ್ಲಾಳಿಯಿಂದ ಅವರೇ ಕೊಂಡರು. ಮಾರನೆಯ ದಿನ ಬೆಳಗಿನ ಜಾವ ಅಂಗಡಿಗೆ ಬಾ ಅಂದರು. ಹೋದೆ. ಕೊಯ್ದು, ತೊಗಲು ಬಿಡಿಸಿ, ಕೊಕ್ಕೆಗೆ ನೇತುಹಾಕಿ ತೂಗಿದರು. ಹದಿನಾರಕ್ಕೆ ಕಾಲು ಕೆ.ಜಿ. ಕಮ್ಮಿ.

ಅವರು ಏನು ಮಾಡಿದ್ದರು? ಸಂತೆಯಲ್ಲಿ ಟಗರಿನ ಬೆನ್ನಮೂಳೆಯ ಕೊನೆಯಲ್ಲಿ, ಸೊಂಟದ ಮೇಲೆ ಹೆಬ್ಬೆರಳು ಒತ್ತಿ ಒಂದು ಕ್ಷಣ ಹಿಡಿದಿದ್ದರು, ಅಷ್ಟೇ. ನಾವು ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ, ಕೊಂಬು ನೋಡುತ್ತೇವೆ, ಉಣ್ಣೆ ಬೆಳೆದಿದ್ದರೆ ದಪ್ಪ ಅಂದುಕೊಳ್ಳುತ್ತೇವೆ. ಮಾಂಸ ಇರುವುದು ಸೊಂಟದಲ್ಲಿ, ತೊಡೆಯಲ್ಲಿ. ಆ ಹೆಬ್ಬೆರಳಿನ ವಿದ್ಯೆ ಇಡೀ ಸಂತೆಯಲ್ಲಿ ಕೊಳ್ಳುವವನಿಗೆ ಗೊತ್ತು, ಮಾರುವವನಿಗೆ ಗೊತ್ತಿಲ್ಲ. ನಮ್ಮ ಬೆಲೆ ಬಿದ್ದು ಹೋಗುವುದು ಅಲ್ಲಿ.

ಲೆಕ್ಕ ಹಾಕೋಣ. ಕುರಿಯ ಜೀವಂತ ತೂಕದಲ್ಲಿ 100ಕ್ಕೆ 45ರಿಂದ 50ರಷ್ಟು ಮಾಂಸ ಬರುತ್ತದೆ. 30 ಕೆ.ಜಿ. ಕುರಿಯನ್ನು ಕಣ್ಣಂದಾಜಿನಲ್ಲಿ 27 ಅಂತ ಕೊಟ್ಟರೆ ಮಾಂಸದ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದೂವರೆ ಕೆ.ಜಿ. ಹೋಯಿತು. ಕೆ.ಜಿ.ಗೆ 700 ರೂಪಾಯಿ ಅಂತಲೇ ಹಿಡಿಯಿರಿ, ಒಂದು ಕುರಿಗೆ ಸಾವಿರ ರೂಪಾಯಿ. ಇಪ್ಪತ್ತು ಕುರಿ ಮಾರಿದರೆ ಇಪ್ಪತ್ತು ಸಾವಿರ. ನಿಮ್ಮ ಬೆಳೆಸಾಲದ ಬಡ್ಡಿ ಎಷ್ಟು ಅಂತ ಪಾಸ್ ಬುಕ್ಕು ತೆಗೆದು ಪಕ್ಕದಲ್ಲಿಟ್ಟು ನೋಡಿ. ಶೇಂಗಾ ಚೀಲಕ್ಕೆ ಮಂಡಿಯಲ್ಲಿ ಅರ್ಧ ಕೆ.ಜಿ. ಹೆಚ್ಚಿಗೆ ತೂಗಿದರೆ ಹಮಾಲಿಯ ಕೊರಳಪಟ್ಟಿ ಹಿಡಿಯುವ ನಾವು, ಕುರಿಯನ್ನು ತಕ್ಕಡಿಯೇ ಇಲ್ಲದೆ ಟವಲಿನ ಅಡಿಯಲ್ಲಿ ಕೊಟ್ಟು ಬರುತ್ತೇವೆ. (ನಾವೇನು ಸಾಚಾಗಳೇ? ಸಂತೆಯ ಹಿಂದಿನ ರಾತ್ರಿ ಉಪ್ಪು ನೆಕ್ಕಿಸಿ, ಬೆಳಿಗ್ಗೆ ಹೊಟ್ಟೆ ತುಂಬ ನೀರು ಕುಡಿಸುವ ವಿದ್ಯೆ ನಮಗೂ ಬರುತ್ತದೆ. ಅದನ್ನೂ ಆ ಹೆಬ್ಬೆರಳು ಕಂಡುಹಿಡಿಯುತ್ತದೆ, ಬೆಲೆಯಲ್ಲಿ ಕಳೆಯುತ್ತದೆ.)

ನಾನು ಆ ಸಾಹೇಬರನ್ನು ಕೇಳಿದೆ, "ಈ ವಿದ್ಯೆ ನಿಮಗೆ ಯಾರು ಕಲಿಸಿದ್ದು?"

"ನಮ್ಮಪ್ಪ ಕಲಿಸ್ದ ಗೌಡ್ರೆ. ಒಂದು ತೊಗಲಿಗೆ ಕತ್ತಿ ತಾಗಿಸಿದ್ರೆ ಒಂದು ಏಟು. ಎಂಟು ವರ್ಷ ಏಟು ತಿಂದೆ. ಆಮೇಲೆ ಬಂತು."

"ನಿಮ್ಮ ಮಗನಿಗೆ ಕಲಿಸಿದಿರಾ?"

"ಎಲ್ಲಿ? ಅವನು ಬೆಂಗಳೂರಾಗೆ ಆಟೋ ಓಡಿಸ್ತಾನೆ. ಅದಕ್ಕೆ ಲೈಸೆನ್ಸ್ ಐತೆ, ಬ್ಯಾಂಕ್ ಸಾಲ ಕೊಡ್ತೈತೆ. ಈ ಕೆಲಸಕ್ಕೆ ಏನೈತೆ? ಐಸ್ ಪೆಟ್ಟಿಗೆ ತಗೊಳ್ಳಾಕೆ ಸಾಲ ಕೇಳಿದ್ರೆ ಸರ್ಟಿಫಿಕೇಟ್ ತಗೊಂಡ್ಬಾ ಅಂದ್ರು. ನಂಗೆ ಯಾರು ಸರ್ಟಿಫಿಕೇಟ್ ಕೊಡಬೇಕು? ನಮ್ಮಪ್ಪನ ಗೋರಿನಾ?"

ಬಾಂಧವರೇ, ಆ ಮುದುಕರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸರ್ಕಾರದಲ್ಲಿ ಇದೆಯೇ ಅಂತ ಹುಡುಕಲು ಹೊರಟೆ.

ಹುಡುಕಿದರೆ ಏನು ಸಿಕ್ಕಿತು ಹೇಳುತ್ತೇನೆ. ಭಾರತ ಸರ್ಕಾರ 2015ರಲ್ಲಿ ಮಾಡಿದ ಕಸುಬುಗಳ ಪಟ್ಟಿ ಇದೆ. ಅದರಲ್ಲಿ ಕುರಿ ಕೊಯ್ಯುವವರಿಗೂ ಮೀನು ಹೆಚ್ಚುವವರಿಗೂ ಒಂದು ನಂಬರು ಕೊಟ್ಟಿದ್ದಾರೆ: 7511. ನಂಬರು ಇದೆ, ಶಾಲೆ ಇಲ್ಲ! ಐ.ಟಿ.ಐ.ಗೆ ಹೋದರೆ ಫಿಟ್ಟರ್ ಆಗಬಹುದು, ವೆಲ್ಡರ್ ಆಗಬಹುದು, ಎಲೆಕ್ಟ್ರೀಷಿಯನ್ ಆಗಬಹುದು. ಕುರಿ ಬಿಡಿಸುವುದನ್ನು ಕಲಿಸುವ ಐ.ಟಿ.ಐ. ನಮ್ಮ ಜಿಲ್ಲೆಯಲ್ಲಿ ನಾನಂತೂ ಕಂಡಿಲ್ಲ.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಭಾರಿ ಸಡಗರದಲ್ಲಿ ಪಿ.ಎಂ. ವಿಶ್ವಕರ್ಮ ಯೋಜನೆ ಹೊರಡಿಸಿತು. ಕೈಕಸುಬಿನವರಿಗೆ ಗುರುತಿನ ಚೀಟಿ, ಸರ್ಟಿಫಿಕೇಟು, ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಆಮೇಲೆ ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ಸಾಲ. ಒಳ್ಳೆಯ ಯೋಜನೆ. 18 ಕಸುಬು ಸೇರಿಸಿದ್ದಾರೆ. ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿ, ಕ್ಷೌರಿಕ, ಅಗಸ, ದರ್ಜಿ, ಮೋಚಿ, ಹೂಮಾಲೆ ಕಟ್ಟುವವರು, ಬೊಂಬೆ ಮಾಡುವವರು, ಬೀಗ ಮಾಡುವವರು, ದೋಣಿ ಮಾಡುವವರು, ಮೀನಿನ ಬಲೆ ಹೆಣೆಯುವವರು. ಆಯುಧ ಮಾಡುವವರೂ ಇದ್ದಾರೆ. ನಾನು ಎರಡು ಸಲ ಬೆರಳಿಟ್ಟು ಎಣಿಸಿದೆ. ಕತ್ತಿ ತಟ್ಟುವ ಕಮ್ಮಾರನಿದ್ದಾನೆ, ತೊಗಲಿನ ಚಪ್ಪಲಿ ಹೊಲಿಯುವವನಿದ್ದಾನೆ. ಆ ಕತ್ತಿ ಹಿಡಿದು ಆ ತೊಗಲು ಬಿಡಿಸುವವನಿಲ್ಲ. ದೋಣಿಯವನಿಗೆ ನಮ್ಮ ಚಳ್ಳಕೆರೆಯಲ್ಲಿ ಅರ್ಜಿ ಫಾರಂ ಸಿಗುತ್ತದೆ, ತೇಲಿಸುವ ನೀರು ಎಲ್ಲಿದೆಯೋ ದೇವರೇ ಬಲ್ಲ. ಸಂತೆಗೆ ನೂರಾರು ಕುರಿ ಬಂದು ಇಳಿಯುವ ಊರಿನಲ್ಲಿ ಕುರಿ ಕೊಯ್ಯುವವನಿಗೆ ಫಾರಂ ಇಲ್ಲ.

ಹಾಗಾದರೆ ಕಾನೂನು ಸುಮ್ಮನಿದೆಯೇ? ಇಲ್ಲ, ದಂಡ ಹಿಡಿದು ನಿಂತಿದೆ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ದಿನಕ್ಕೆ ಹತ್ತು ಅಥವಾ ಹೆಚ್ಚು ಪ್ರಾಣಿ ಕೊಯ್ಯುವ ಜಾಗದಲ್ಲಿ ಪಶುವೈದ್ಯರು ಪ್ರಾಣಿಯನ್ನು ಪರೀಕ್ಷೆ ಮಾಡಬೇಕು, ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಮಾಡಬಾರದು. ಗಬ್ಬದ ಪ್ರಾಣಿ, ಮೂರು ತಿಂಗಳೊಳಗಿನ ಮರಿ ಕೊಯ್ಯಬಾರದು. ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು. ಕೊಯ್ಯುವವನಿಗೆ ಪುರಸಭೆಯ ಲೈಸೆನ್ಸ್ ಬೇಕು, 18 ವರ್ಷ ತುಂಬಿರಬೇಕು. ಎಲ್ಲವೂ ಸರಿಯೇ. ಆದರೆ ಆ ಲೈಸೆನ್ಸ್ ಕೊಡುವಾಗ "ನಿನಗೆ ಕೊಯ್ಯಲು ಬರುತ್ತದೆಯೇ, ಯಾರ ಹತ್ತಿರ ಕಲಿತೆ" ಅಂತ ಯಾರು ಕೇಳುತ್ತಾರೆ? ಆಟೋ ಲೈಸೆನ್ಸಿಗಾದರೂ ಎಂಟು ಬರೆದು ತೋರಿಸು ಅನ್ನುತ್ತಾರೆ. ಇಲ್ಲಿ ರಸೀದಿ ಹರಿದರೆ ಮುಗಿಯಿತು. ಇನ್ನು ಆಹಾರ ಸುರಕ್ಷತೆಯ 2011ರ ನಿಯಮದಲ್ಲಿ ದಿನಕ್ಕೆ 10 ಕುರಿ ಮೇಕೆಯ ತನಕ ಕೊಯ್ಯುವ ಸಣ್ಣವರು ನೋಂದಣಿ ಮಾಡಿಸಿದರೆ ಸಾಕು. ನಮ್ಮ ಸೀಮೆಯ ಅಂಗಡಿಗಳು ಮುಕ್ಕಾಲು ಪಾಲು ಈ ಸಣ್ಣವರದ್ದೇ. ಅವರಿಗೆ ಕಾಗದ ಉಂಟು, ಕಲಿಕೆ ಇಲ್ಲ.

ಕಲಿಕೆ ದೇಶದಲ್ಲಿ ಎಲ್ಲೂ ಇಲ್ಲವೇ ಅಂದರೆ ಇದೆ. ಹೈದರಾಬಾದಿನ ಚೆಂಗಿಚೆರ್ಲದಲ್ಲಿ 1999ರಲ್ಲಿ ಶುರುವಾದ ಮಾಂಸ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ತರಬೇತಿ ಕೊಡುತ್ತಾರೆ. ಮೊಳಕಾಲ್ಮೂರಿನವರಿಗೆ ತೆಲುಗು ಬರುತ್ತದೆ, ಹೋದರೆ ಮಾತಿಗೇನೂ ತೊಂದರೆಯಿಲ್ಲ ಅನ್ನಿ. ಅಂಗಡಿಗೆ ಬೀಗ ಹಾಕಿ ಹೈದರಾಬಾದಿಗೆ ಹೋದರೆ ಆ ದಿನಗಳ ಊಟ ಯಾರು ಕೊಡುತ್ತಾರೆ? ಇಗ್ನೋದವರಲ್ಲಿ ಮಾಂಸ ತಂತ್ರಜ್ಞಾನದ ಒಂದು ವರ್ಷದ ಡಿಪ್ಲೊಮಾ ಇದೆ, ಅದಕ್ಕೆ ಸೇರಲು 12ನೇ ತರಗತಿ ಪಾಸಾಗಿರಬೇಕು. ಹೆಬ್ಬೆರಳಿನಲ್ಲಿ ತೂಕ ಹೇಳುವ ಮುದುಕರು ನಾಲ್ಕನೇ ತರಗತಿ ದಾಟಿಲ್ಲ. ಅವರಿಗೆ ಡಿಪ್ಲೊಮಾ ಸಿಗುವುದಿಲ್ಲ, ಡಿಪ್ಲೊಮಾದವನಿಗೆ ಆ ಹೆಬ್ಬೆರಳು ಸಿಗುವುದಿಲ್ಲ.

ನಮ್ಮ ರಾಜ್ಯದ್ದು ಇನ್ನೊಂದು ಸೋಜಿಗ. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಇದೆ. ಹಿರಿಯೂರಿನ ಮಾರಿಕಣಿವೆಯಲ್ಲಿ ಕುರಿ ತಳಿ ಕೇಂದ್ರ ಇದೆ. ಕುರಿ ಸಾಕುವುದಕ್ಕೆ ತರಬೇತಿ ಉಂಟು, ಸಾಲ ಉಂಟು, ಸಬ್ಸಿಡಿ ಉಂಟು. ಸತ್ತ ಕುರಿಗೆ "ಅನುಗ್ರಹ" ಅಂತ ಪರಿಹಾರವೂ ಉಂಟು. 1980ರ ಅಕ್ಟೋಬರ್ 2ರಿಂದ ಐ.ಆರ್.ಡಿ.ಪಿ. ದೇಶದ ಎಲ್ಲ ಬ್ಲಾಕುಗಳಿಗೆ ಬಂದಾಗ ಕುರಿ ಸಾಲ ತಗೊಂಡವರು, ಕುರಿಯ ಕಿವಿಗೆ ವಿಮೆಯ ಓಲೆ ಹಾಕಿಸಿಕೊಂಡವರು ಇದನ್ನು ಓದುವವರಲ್ಲಿ ಇರಬಹುದು. ಆವತ್ತಿನಿಂದ ಇವತ್ತಿನ ತನಕ ಸರ್ಕಾರದ ಕಣ್ಣು ಹುಟ್ಟುವ ಕುರಿಯ ಮೇಲಿದೆ, ಸಾಯುವ ಕುರಿಯ ಮೇಲಿದೆ, ಮಾರುವ ಕುರಿಯ ಮೇಲಿಲ್ಲ. ಸಾಕು ಸಾಕು ಅಂತ ಸಾಲ ಕೊಟ್ಟು, ಸಾಕಿದ್ದನ್ನು ಕಣ್ಣಂದಾಜಿನ ಬಾವಿಗೆ ತಳ್ಳಿ, ಆಮೇಲೆ ಸಾಲ ವಸೂಲಿಗೆ ಬರುವುದು ಯಾವ ನ್ಯಾಯ?

ಕಲಿಯದ ಕೈಯಿಂದ ಎಲ್ಲೆಲ್ಲಿ ನಷ್ಟ ಆಗುತ್ತದೆ ಅಂತ ಆ ಬೆಳಗಿನ ಜಾವ ಅಂಗಡಿಯಲ್ಲಿ ನಿಂತು ಕಂಡೆ. ಅಲ್ಲೊಬ್ಬ ಹೊಸ ಹುಡುಗ ಕೆಲಸಕ್ಕೆ ಬಂದಿದ್ದ. ಅವನು ಕುರಿಯನ್ನು ಅಂಗಳದ ತುಂಬ ಅಟ್ಟಾಡಿಸಿ ಹಿಡಿದ. ಸಾಹೇಬರು ಬೈದರು. ಬೆದರಿ ಓಡಿ ದಣಿದ ಕುರಿಯಲ್ಲಿ ನೆತ್ತರು ಸರಿಯಾಗಿ ಇಳಿಯುವುದಿಲ್ಲ, ಮಾಂಸ ಕಪ್ಪಾಗುತ್ತದೆ, ಮಧ್ಯಾಹ್ನಕ್ಕೇ ವಾಸನೆ ಬರುತ್ತದೆ. ರಾತ್ರಿ ಮೇವು ಕೊಡದೆ ಬರೀ ನೀರು ಕೊಟ್ಟು ನಿಲ್ಲಿಸಿದರೆ ಹೊಟ್ಟೆ ಹಗುರವಾಗಿ, ಕರುಳು ಒಡೆದು ಮಾಂಸಕ್ಕೆ ಗಲೀಜು ತಾಗುವುದು ತಪ್ಪುತ್ತದೆ. ತೊಗಲು ಬಿಡಿಸುವಾಗ ಹೊಟ್ಟೆಯ ಮೇಲೆ, ಕಾಲಿನ ಒಳಬದಿಯಲ್ಲಿ ಮಾತ್ರ ಕತ್ತಿ. ಉಳಿದದ್ದೆಲ್ಲ ಮುಷ್ಟಿ. ತೊಗಲಿಗೂ ಮೈಗೂ ನಡುವೆ ಮುಷ್ಟಿ ತೂರಿಸಿ ಒತ್ತುತ್ತ ಹೋದರೆ ಅಂಗಿ ಕಳಚಿದ ಹಾಗೆ ಬರುತ್ತದೆ. ಹುಡುಗನಿಗೆ ತಾಳ್ಮೆಯಿಲ್ಲ, ಕತ್ತಿಯಿಂದಲೇ ಸವರಿದ. ತೊಗಲಿನಲ್ಲಿ ಮೂರು ಕಡೆ ಗೀರು. ಗೀರಿದ ತೊಗಲನ್ನು ಹದ ಮಾಡುವವರು ಮೂಸಿಯೂ ನೋಡುವುದಿಲ್ಲ. ಬಿಡಿಸಿದ ತೊಗಲಿಗೆ ಕೂಡಲೇ ಉಪ್ಪು ಹಾಕಬೇಕು, ಅದೂ ಚಿಟಿಕೆಯಷ್ಟಲ್ಲ, ತೊಗಲಿನ ತೂಕದ ಮೂರರಲ್ಲೊಂದು ಪಾಲಾದರೂ ಬೇಕು. ಇಲ್ಲದಿದ್ದರೆ ಬಿಸಿಲಿಗೆ ಕೂದಲು ಉದುರಿ ಕೊಳೆಯುತ್ತದೆ. ಮದರಾಸಿನಲ್ಲಿ ಚರ್ಮ ಸಂಶೋಧನಾ ಸಂಸ್ಥೆ 1948ರಿಂದ ಇದೆ. ಆಂಬೂರು, ವಾಣಿಯಂಬಾಡಿ, ರಾಣಿಪೇಟೆಯ ಹದಗಾರರು ಒಂದು ಗೀರು ಕಂಡರೆ ಬೆಲೆ ಇಳಿಸುತ್ತಾರೆ. ಈಚಿನ ವರ್ಷಗಳಲ್ಲಿ ಕುರಿ ತೊಗಲಿನ ಬೆಲೆ ಹೇಗೂ ಬಿದ್ದಿದೆ. ಅಂಥ ಹೊತ್ತಿನಲ್ಲಿ ಗೀರಿದ ತೊಗಲು ತಿಪ್ಪೆಗೇ ಹೋಗುತ್ತದೆ. ಅದರ ನಷ್ಟ ಯಾರ ತಲೆಗೆ? ಅಂಗಡಿಯವನು ತನ್ನ ಕೈಯಿಂದ ಹಾಕುವುದಿಲ್ಲ. ಮುಂದಿನ ಸಂತೆಯಲ್ಲಿ ಟವಲಿನ ಅಡಿಯಲ್ಲಿ ನಿಮ್ಮ ಬೆರಳು ಮಡಿಸುತ್ತಾನೆ.

ದುಡ್ಡಿಗಿಂತ ದೊಡ್ಡದೊಂದಿದೆ, ಜೀವ. ಆಂಥ್ರಾಕ್ಸ್ ಅಂದರೆ ನಮ್ಮವರು ನೆರಡಿ ಅನ್ನುವ ರೋಗ. ರಾತ್ರಿ ಚೆನ್ನಾಗಿದ್ದ ಕುರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ, ಮೂಗಿನಲ್ಲಿ ಹೆಪ್ಪುಗಟ್ಟದ ಕಪ್ಪು ನೆತ್ತರು. ಅದನ್ನು ಕೊಯ್ಯಲೇಬಾರದು, ಆಳವಾಗಿ ಸುಣ್ಣ ಹಾಕಿ ಹೂಳಬೇಕು, ಇಲ್ಲವೇ ಸುಡಬೇಕು. ಕೊಯ್ದರೆ ರೋಗದ ಬೀಜ ಮಣ್ಣಿಗೆ ಇಳಿದು ಹತ್ತಾರು ವರ್ಷ ಕಾಯುತ್ತದೆ, ಮಳೆ ಬಂದಾಗ ಹುಲ್ಲಿನ ಜೊತೆ ಮತ್ತೆ ಕುರಿಯ ಬಾಯಿಗೆ ಬರುತ್ತದೆ. ಕೊಯ್ದವನ ಕೈಯಲ್ಲಿ ಗಾಯವಿದ್ದರೆ ಅಲ್ಲಿ ಕಪ್ಪು ಹುಣ್ಣೇಳುತ್ತದೆ. ಹಳ್ಳಿಗಳಲ್ಲಿ ಏನು ಮಾಡುತ್ತೇವೆ? "ಸತ್ತು ಬಹಳ ಹೊತ್ತಾಗಿಲ್ಲ" ಅಂತ ಸಿಕ್ಕವನ ಕೈಯಲ್ಲಿ ಕೊಯ್ಯಿಸಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ಕಲಿತ ಕೈ ಆಗಿದ್ದರೆ ಮೂಗು ನೋಡಿ ಕತ್ತಿ ಕೆಳಗಿಡುತ್ತಿತ್ತು. ಕೊಯ್ಯುವುದು ಗೊತ್ತಿರುವವನಿಗಷ್ಟೇ ಯಾವುದನ್ನು ಕೊಯ್ಯಬಾರದು ಅನ್ನುವುದೂ ಗೊತ್ತು. ಕುರಿಯ ಈಲಿಯಲ್ಲಿ ಹುಳ, ಶ್ವಾಸಕೋಶದಲ್ಲಿ ನೀರುಗುಳ್ಳೆ ಕಂಡಾಗ "ಈ ಹಟ್ಟಿಯ ಮಂದೆಗೆ ಜಂತಿನ ಔಷಧಿ ಕುಡಿಸಿ" ಅಂತ ರೈತನಿಗೆ ಸುದ್ದಿ ಮುಟ್ಟಿಸಬಲ್ಲವನೂ ಅವನೇ. ಇವತ್ತು ಆ ಈಲಿ ನಾಯಿಗೆ ಹೋಗುತ್ತದೆ, ನಾಯಿಯಿಂದ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ನಮ್ಮ ಮಂದೆಗೆ.

ಬೇರೆ ದೇಶದವರು ಇದನ್ನು ಎಷ್ಟು ದೊಡ್ಡ ವಿದ್ಯೆ ಅಂತ ಕಂಡಿದ್ದಾರೆ ನೋಡಿ. ಜರ್ಮನಿಯಲ್ಲಿ ಮಾಂಸದ ಕಸುಬಿಗೆ ಮೂರು ವರ್ಷದ ಕಲಿಕೆ. ಅಂಗಡಿಯಲ್ಲಿ ಕೆಲಸ, ಶಾಲೆಯಲ್ಲಿ ಪಾಠ, ಕಲಿಯುವಾಗಲೇ ಸಂಬಳ, ಕೊನೆಗೆ ಪರೀಕ್ಷೆ. ಅದಾದ ಮೇಲೆ ಇನ್ನೂ ಓದಿ ಉಸ್ತಾದ್ ಪದವಿ ತೆಗೆದುಕೊಳ್ಳುತ್ತಾರೆ. ಲಂಡನ್ನಿನ ಮಾಂಸದವರ ಸಂಘಕ್ಕೆ ರಾಜನ ಸನ್ನದು ಸಿಕ್ಕಿದ್ದು 1605ರಲ್ಲಿ. ಆಸ್ಟ್ರೇಲಿಯಾದಲ್ಲಿ ರೈತ ಬಯಸಿದರೆ ಕುರಿಯನ್ನು ಕೊಕ್ಕೆಯ ತೂಕಕ್ಕೆ ಮಾರಬಹುದು. ಕೊಯ್ದು ನೇತುಹಾಕಿದ ಮೇಲೆ ತೂಕ, ಕೊಬ್ಬು ನೋಡಿ ದರ್ಜೆ ಹಾಕಿ, ಚೀಟಿ ಬರೆದು ಅದರಂತೆ ದುಡ್ಡು. ಅಲ್ಲಿ ಟವಲು ಇಲ್ಲ. ಚೀಟಿ ನೋಡಿ ರೈತ ಮುಂದಿನ ವರ್ಷ ಯಾವ ಟಗರು ಬಿಡಬೇಕು ಅಂತ ತೀರ್ಮಾನ ಮಾಡುತ್ತಾನೆ. ತರಬೇತಾದ ಕೈ ಇಲ್ಲದೆ ದರ್ಜೆ ಇಲ್ಲ, ದರ್ಜೆ ಇಲ್ಲದೆ ಆ ಚೀಟಿ ಇಲ್ಲ.

ನಮ್ಮಲ್ಲಿ ಏನಾಯಿತು? 2022ರ ಯುಗಾದಿಯ ಹೊಸತೊಡಕಿನ ಹೊತ್ತಿಗೆ ಹಲಾಲೋ ಜಟ್ಕಾನೋ ಅಂತ ರಾಜ್ಯವೆಲ್ಲ ಬೊಬ್ಬೆ ಎದ್ದಿತು. ಟಿ.ವಿ.ಯವರು ಹಗಲೂ ರಾತ್ರಿ ಅರಚಿದರು. ಕುರಿಯ ಕುತ್ತಿಗೆಯ ಬಗ್ಗೆ ಅಷ್ಟು ಮಾತಾಡಿದವರಲ್ಲಿ ಒಬ್ಬನಾದರೂ ಕುರಿ ಸಾಕಿದವನಿಗೆ ಎಷ್ಟು ಸಿಕ್ಕಿತು ಅಂತ ಕೇಳಿದನೇ? ಕೊಯ್ಯುವವನು ಎಲ್ಲಿ ಕಲಿತ, ಅವನ ಕತ್ತಿ ಚೂಪಿದೆಯೇ, ಕೈ ತೊಳೆಯಲು ನೀರಿದೆಯೇ ಅಂತ ಕೇಳಿದನೇ? ಒಂದೇ ಪೆಟ್ಟಿಗೆ ಕಡಿಯುವುದಕ್ಕೂ ಕಲಿಕೆ ಬೇಕು, ಒಂದೇ ಎಳೆತಕ್ಕೆ ಕೊಯ್ಯುವುದಕ್ಕೂ ಕಲಿಕೆ ಬೇಕು. ಮೊಂಡು ಕತ್ತಿಗೆ ಜಾತಿ ಮತ ಇಲ್ಲ, ಅದು ಎಲ್ಲರ ಕುರಿಯನ್ನೂ ಒಂದೇ ತರಹ ನರಳಿಸುತ್ತದೆ. ಆ ಗಲಾಟೆಯಲ್ಲಿ ಅಂಗಡಿ ಬಂದಾಗಿ ಮಾರಾಟ ನಿಂತರೆ ಹಟ್ಟಿಯಲ್ಲಿ ಉಳಿಯುವ ಕುರಿ ಯಾರದು? (ದನದ ಮಾತು ಬೇರೆ. 2021ರ ಜನವರಿಯಿಂದ ಜಾರಿಗೆ ಬಂದ ಕಾಯ್ದೆ, ಮುದಿ ಎತ್ತಿನ ಪಾಡು, ಅದನ್ನು ಇಲ್ಲಿ ಸೇರಿಸಿದರೆ ಕುರಿಯ ಮಾತು ಮುಳುಗುತ್ತದೆ. ಅದಕ್ಕೆ ಬಿಟ್ಟಿದ್ದೇನೆ.)

ಈಗ ನಮ್ಮ ಮಾತಿಗೆ ಬರೋಣ. ಸರ್ಕಾರವನ್ನು ಬೈಯುವುದು ಸುಲಭ. "ಕಟುಕ" ಅನ್ನುವ ಶಬ್ದವನ್ನು ನಾವು ಯಾವುದಕ್ಕೆ ಬಳಸುತ್ತೇವೆ? ಬೈಗುಳಕ್ಕೆ. ಜಪ್ತಿಗೆ ಬಂದ ಅಮೀನ ಕಟುಕ, ಬಡ್ಡಿ ಸಾಹುಕಾರ ಕಟುಕ, ಮಂತ್ರಿ ಕಟುಕ. ವೇದಿಕೆ ಮೇಲೆ ನಿಂತು ನಾನೇ ಎಷ್ಟು ಸಲ ಕೂಗಿದ್ದೇನೋ ಲೆಕ್ಕವಿಲ್ಲ. ನಮ್ಮ ಕುರಿಯನ್ನು ದುಡ್ಡಾಗಿ ಮಾಡಿಕೊಡುವವನ ಹೆಸರನ್ನೇ ಬೈಗುಳ ಮಾಡಿಕೊಂಡ ನಾವು, ಅವನ ಪಕ್ಕ ಕೂತು ಬೆಲೆಯ ಲೆಕ್ಕ ಕೇಳುವುದು ಹೇಗೆ? ಜಾತ್ರೆ ಬಂದರೆ, ಮಾರಿಹಬ್ಬ ಬಂದರೆ ಅವನು ಬೇಕು. ಹಬ್ಬ ಮುಗಿದ ಮೇಲೆ ಅವನ ಅಂಗಡಿ ಊರಾಚೆ ಇರಬೇಕು, ಅವನ ಮಗನಿಗೆ ನಮ್ಮ ಮನೆಯ ಜಗಲಿ ಇಲ್ಲ. ನಿಮ್ಮಲ್ಲಿ ಮಾಂಸ ಮುಟ್ಟದವರೂ ಇದ್ದೀರಿ, ನನಗೆ ಗೊತ್ತು. ತಿನ್ನುವುದು ಬಿಡುವುದು ನಿಮ್ಮ ಮನೆಯ ಮಾತು. ಆದರೆ ಹಟ್ಟಿಯಲ್ಲಿ ಕುರಿ ಇದ್ದರೆ, ಅದನ್ನು ಮಾರಿ ಸಾಲ ಕಟ್ಟಿದ್ದರೆ, ಆ ಕೊರಡಿನ ಪಾಲು ನಿಮ್ಮ ಮನೆಯಲ್ಲೂ ಇದೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ನಾಳೆ ಸರ್ಕಾರ ಎದ್ದು "ಸರಿ, ಸರ್ಟಿಫಿಕೇಟ್ ಇಲ್ಲದವರು ಕೊಯ್ಯಬಾರದು" ಅಂತ ಆರ್ಡರ್ ಮಾಡಿದರೆ ಕಥೆ ಏನಾಗುತ್ತದೆ? ಶಾಲೆ ಮಾಡದೆ ಸರ್ಟಿಫಿಕೇಟ್ ಕೇಳುವುದು ಸರ್ಕಾರಕ್ಕೆ ಹೊಸದಲ್ಲ. ಹಳೆಯ ಕೈಗಳೆಲ್ಲ ಮನೆಗೆ. ಮೊಬೈಲ್ ಒತ್ತಿದರೆ ಮನೆಬಾಗಿಲಿಗೆ ಮಾಂಸ ತಂದು ಕೊಡುವ ಬೆಂಗಳೂರಿನ ಕಂಪನಿಗಳು ಡಿಪ್ಲೊಮಾದವರನ್ನು ಇಟ್ಟುಕೊಂಡು ಕಸುಬನ್ನೆಲ್ಲ ನುಂಗುತ್ತವೆ. ಇವತ್ತು ಸಂತೆಯಲ್ಲಿ ಹತ್ತು ಜನ ಕೊಳ್ಳುವವರಿದ್ದಾರೆ, ನಾಳೆ ಒಬ್ಬ ಇರುತ್ತಾನೆ. ಕೊಳ್ಳುವವನು ಒಬ್ಬನೇ ಆದರೆ ಬೆಲೆ ಯಾರದ್ದು ಅಂತ ಟೊಮೆಟೊ ಬೆಳೆದವರನ್ನು ಕೇಳಿ, ಗೊತ್ತಾಗುತ್ತದೆ. ಆದ್ದರಿಂದ ಕಾಗದ ಮೊದಲು ಹೋಗಬೇಕಾದದ್ದು ಈಗಾಗಲೇ ಕಲಿತ ಕೈಗೆ. ಕೆಲಸ ಮಾಡಿಸಿ ನೋಡಿ, ಬಂದರೆ ಅಲ್ಲೇ ಸರ್ಟಿಫಿಕೇಟ್ ಕೊಡಬೇಕು, ಎಷ್ಟನೇ ತರಗತಿ ಅಂತ ಕೇಳಬಾರದು. ಮೊದಲೇ ಗೊತ್ತಿರುವ ವಿದ್ಯೆಯನ್ನು ಪರೀಕ್ಷಿಸಿ ಒಪ್ಪುವ ಪದ್ಧತಿ ಸರ್ಕಾರದ ಕೌಶಲ ತರಬೇತಿಯಲ್ಲೇ ಇದೆ, ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ.

ಹಾಗಾಗಿ ನಾವು ಕೇಳಬೇಕಾದದ್ದು ಇದು. ಕಾವಲು ಕಳೆದುಕೊಂಡ ಈ ತಾಲ್ಲೂಕಿನಲ್ಲೇ ಒಂದು ಮಾಂಸ ಕಸುಬಿನ ಶಾಲೆ ಆಗಬೇಕು. ಹತ್ತು ಸಾವಿರ ಎಕರೆ ಕೊಟ್ಟಿದ್ದೇವೆ, ಇದಕ್ಕೆ ಎರಡು ಎಕರೆ ಸಾಕು. ನೀರು, ಕೊಕ್ಕೆ, ಐಸ್ ಕೋಣೆ, ಒಬ್ಬ ಪಶುವೈದ್ಯರು, ಅವರಷ್ಟೇ ಸಂಬಳದ ಇಬ್ಬರು ಹಳೆಯ ಉಸ್ತಾದರು. ಯಾವ ಜಾತಿಯ ಹುಡುಗ ಬಂದರೂ ಸೇರಿಸಬೇಕು. ಗೊಲ್ಲರ ಹುಡುಗ ಬರಲಿ, ಕುರುಬರ ಹುಡುಗ ಬರಲಿ, ನಾಯಕರ ಹುಡುಗ ಬರಲಿ, ನಿಮ್ಮ ಹುಡುಗನೂ ಬರಲಿ. ಕುರಿ ಸಾಕುವವರಿಗೆ ಅದೇ ಶಾಲೆಯಲ್ಲಿ ಮೂರು ದಿನ ಆ ಹೆಬ್ಬೆರಳಿನ ಪಾಠ ಆಗಬೇಕು. ವಿಶ್ವಕರ್ಮ ಯೋಜನೆಯ 18ರ ಪಟ್ಟಿಗೆ 19ನೆಯದಾಗಿ ಈ ಕಸುಬು ಸೇರಬೇಕು. ಸಂತೆ ಮೈದಾನದಲ್ಲಿ ಕುರಿ ನಿಲ್ಲಿಸಿ ತೂಗುವ ತಕ್ಕಡಿ ಬರಬೇಕು. ಶಾಲೆಯಲ್ಲಿ ಕೊಯ್ದ ಕುರಿಗೆ ಕೊಕ್ಕೆಯ ತೂಕ ಬರೆದು ಸಾಕಿದ ರೈತನ ಕೈಗೆ ಚೀಟಿ ಕೊಡಬೇಕು. ಚೀಟಿ ಬಂದ ತಕ್ಷಣ ಬೆಲೆ ಏರಿಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಚೀಟಿ ಕೈಯಲ್ಲಿದ್ದರೆ ಟವಲು ತೆಗೆಯಯ್ಯಾ ಅಂತ ಹೇಳಲಿಕ್ಕೆ ಬಾಯಿ ಬರುತ್ತದೆ.

ತಹಶೀಲ್ದಾರರಿಗೆ ಕೊಡುವ ಮನವಿಯನ್ನು ಬರೆಯುತ್ತಿದ್ದಾಗ ಆ ಸಾಹೇಬರ ಅಂಗಡಿಗೆ ಮತ್ತೆ ಹೋಗಿದ್ದೆ. ಶಾಲೆ ಆದರೆ ಮೊದಲ ಮೇಷ್ಟ್ರು ಅಂತ ನಿಮ್ಮ ಹೆಸರು ಬರೆಯಲೇ ಅಂತ ಕೇಳಿದೆ. ಅವರು ಕತ್ತಿಯನ್ನು ಕಲ್ಲಿಗೆ ಎರಡು ಸಲ ಎಳೆದು, ಬೆರಳಿನಿಂದ ಅಂಚು ಸವರಿ ನೋಡಿದರು.

"ಬರ್ಕೊಳ್ರಿ ಗೌಡ್ರೆ. ಬೋರ್ಡ್ ಮ್ಯಾಲೆ ಬರೆಯಾಕೆ ನಂಗೆ ಬರಲ್ಲ. ದಿನಕ್ಕೆ ಎರಡು ಕುರಿ ತರಿಸಿ ಕೊಡ್ರಿ, ಹುಡುಗ್ರನ್ನ ಕಳಿಸ್ರಿ. ಏಟು ಹೊಡಿಯಲ್ಲ ಅಂತಾನೂ ಬರ್ಕೊಳ್ರಿ."